ಒಂದೇ ವಾರದಲ್ಲಿ ಕೊಂಡ ಎರಡು ಬಿಎಸ್ 6 ಲಾರಿಗಳು: ಕುಶಾಲನಗರದ ಮೆಕ್ಯಾನಿಕ್ ಒಬ್ಬನ ವಿಮರ್ಶೆ

2021ರ ಫೆಬ್ರವರಿಯಲ್ಲಿ ಸುಂಟಿಕೊಪ್ಪದ ಕಡೆಯ ಕಾಫಿ ತೋಟದ ಮಾಲೀಕರೊಬ್ಬರು ಒಂದೇ ಮಾದರಿಯ, ಬಿಎಸ್ 6 (ಭಾರತ್ ಸ್ಟೇಜ್ 6) ಎಂಬ ಹೊಗೆ ನಿಯಮಕ್ಕೆ ಹೊಂದುವ ಎರಡು ಲಾರಿಗಳನ್ನು ಒಂದೇ ವಾರದಲ್ಲಿ ಕೊಂಡರು. ಎರಡು ಆಕ್ಸಲ್, ಆರು ಚಕ್ರ, 18.5 ಟನ್ ಒಟ್ಟು ತೂಕಕ್ಕೆ ನೋಂದಣಿಯಾದ ಸಾಮಾನ್ಯ ಸರಕು ಲಾರಿಗಳು ಅವು. ಒಂದನ್ನು ಕುಶಾಲನಗರದ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಿಂದ ಮಂಗಳೂರಿನ ಬಂದರಿಗೆ ಕಾಫಿ ಒಯ್ಯಲು ಮತ್ತು ಬರುವಾಗ ಪಣಂಬೂರಿನಿಂದ ಗೊಬ್ಬರ ಹೇರಿಕೊಂಡು ಬರಲು ಬಿಟ್ಟರು. ಇನ್ನೊಂದು ತೋಟದಲ್ಲೇ ಉಳಿದು ಕೊಯ್ಲಿನ ಹಣ್ಣನ್ನು ಕಣಕ್ಕೆ, ಒಣಗಿದ ಕಾಫಿಯನ್ನು ಕುಶಾಲನಗರಕ್ಕೆ, ಮಳೆಗಾಲದಲ್ಲಿ ಗೊಬ್ಬರ ಮತ್ತು ಸೌದೆಯನ್ನು ತೋಟದ ಒಳದಾರಿಗಳಲ್ಲಿ ಸಾಗಿಸುತ್ತ ಬಂದಿತು. ನಾಲ್ಕು ವರ್ಷ ದಾಟಿದ ಮೇಲೆ ಮೊದಲನೆಯದರ ಮೀಟರ್ 2,60,000 ಕಿಲೋಮೀಟರ್ ತೋರಿಸಿದರೆ ಎರಡನೆಯದು 61,000 ತೋರಿಸುತ್ತಿತ್ತು. ಆದರೆ ನನ್ನ ಗ್ಯಾರೇಜಿನ ಪುಸ್ತಕದಲ್ಲಿ ಹೆಚ್ಚು ಪುಟಗಳನ್ನು ತಿಂದದ್ದು ಎರಡನೆಯ ಲಾರಿಯೇ. ಈ ವಿಮರ್ಶೆಯನ್ನು ಬರೆಯಬೇಕೆನಿಸಿದ್ದೂ ಆ ಪುಟಗಳನ್ನು ತಿರುವುತ್ತಿದ್ದಾಗ.

ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಇಲ್ಲಿ ಹೇಳಿರುವ ತೊಂದರೆಗಳಲ್ಲಿ ಹೆಚ್ಚಿನವನ್ನು ಬೇರೆ ಕಂಪನಿಗಳ ಬಿಎಸ್ 6 ಲಾರಿಗಳಲ್ಲಿಯೂ ನಾನು ಕಂಡಿದ್ದೇನೆ. ಒಬ್ಬರನ್ನು ಮಾತ್ರ ಹೆಸರಿಸಿದರೆ ಓದುವವರು ಪಕ್ಕದ ಷೋರೂಮಿಗೆ ಹೋಗಿ ಅದೇ ಯಂತ್ರವನ್ನು ಇನ್ನೊಂದು ಬಣ್ಣದಲ್ಲಿ ಕೊಂಡು ತರುತ್ತಾರೆ.

ಮೊದಲು ಎಂಜಿನ್ನಿನ ವಿಷಯ, ಏಕೆಂದರೆ ಅದನ್ನು ಬೇಗ ಮುಗಿಸಬಹುದು. ಎಂಜಿನ್ ಒಳ್ಳೆಯದು. ಮಂಗಳೂರಿಗೆ ಹೋಗಿಬರುವ ಘಟ್ಟದ ಲಾರಿಯಲ್ಲಿ ಇಷ್ಟು ಓಟದ ನಂತರವೂ ಹೆಡ್ ಬಿಚ್ಚುವ ಪ್ರಸಂಗ ಬಂದಿಲ್ಲ, ಸರ್ವಿಸಿನಿಂದ ಸರ್ವಿಸಿಗೆ ಆಯಿಲ್ ಸುರಿಯಬೇಕಾಗಿಲ್ಲ, ಬ್ರೀದರ್ ಪೈಪಿನಲ್ಲಿ ಒತ್ತಡದ ಹೊಗೆ ಕಾಣುವುದಿಲ್ಲ. ನಾನು ಕೆಲಸ ಕಲಿತ ಕಾಲದ ಟಾಟಾ 1210 ಲಾರಿಗಳು ಇಷ್ಟು ಓಡಿದ ಹೊತ್ತಿಗೆ ಒಂದು ಸಲವಾದರೂ ಲೈನರ್, ಪಿಸ್ಟನ್, ರಿಂಗುಗಳ ಸೆಟ್ ಕೇಳುತ್ತಿದ್ದವು. ಆ ಲಾರಿಗಳನ್ನು ಹೊಗಳುವವರು ಅವು ಕೆಡುತ್ತಿರಲಿಲ್ಲವೆಂದು ಹೇಳುವುದನ್ನು ಕೇಳಿದಾಗ ನನಗೆ ನಗು ಬರುತ್ತದೆ. ಅವು ಕೆಡುತ್ತಿದ್ದವು, ಕೆಟ್ಟ ಜಾಗದಲ್ಲಿಯೇ, ಎರಡು ಸ್ಪ್ಯಾನರ್ ಮತ್ತು ಒಂದು ಸುತ್ತಿಗೆಯಿಂದ, ಕ್ಲೀನರ್ ಹುಡುಗನೇ ಸರಿಮಾಡಬಹುದಾದ ರೀತಿಯಲ್ಲಿ ಕೆಡುತ್ತಿದ್ದವು. ಮೈಕೋ ಡೀಸೆಲ್ ಪಂಪಿನ ಏರ್ ತೆಗೆದು ಮತ್ತೆ ಸ್ಟಾರ್ಟ್ ಮಾಡಿಕೊಂಡು ಹೋದವರು ಅದನ್ನು ಕೆಟ್ಟದ್ದೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆಗಿನ ನಾಝಲ್‌ಗಳು 200ರಿಂದ 250 ಬಾರ್ ಒತ್ತಡಕ್ಕೆ ತೆರೆಯುತ್ತಿದ್ದವು. ಈಗಿನ ಎಂಜಿನ್ನುಗಳಲ್ಲಿ ಎಲ್ಲ ಇಂಜೆಕ್ಟರುಗಳಿಗೂ ಇಂಧನ ಹಂಚುವ ಒಂದೇ ಕೊಳವೆ, ಅಂದರೆ ಕಾಮನ್ ರೈಲ್‌ನಲ್ಲಿ ಡೀಸೆಲ್ 1,600 ಬಾರ್‌ಗಿಂತಲೂ ಹೆಚ್ಚಿನ ಒತ್ತಡದಲ್ಲಿ ನಿಂತಿರುತ್ತದೆ. ಆ ಒತ್ತಡದಿಂದಲೇ ಈ ಎಂಜಿನ್ನಿಗೆ ಇಂಥ ಎಳೆತವೂ ಮೈಲೇಜೂ ಬಂದಿದೆ, ಮತ್ತು ರಸ್ತೆ ಬದಿಯಲ್ಲಿ ಅದರ ಪೈಪಿಗೆ ಸ್ಪ್ಯಾನರ್ ಹಾಕಬಾರದೆಂಬ ಎಚ್ಚರಿಕೆಯೂ ಆ ಒತ್ತಡದಿಂದಲೇ ಬಂದಿದೆ.

ಈ ಲಾರಿಯ ಕಥೆಯೆಲ್ಲ ಇರುವುದು ಎಂಜಿನ್ನಿನ ಹಿಂದೆ, ಡ್ರೈವರ್‌ಗಳು ಈಗಲೂ ಸೈಲೆನ್ಸರ್ ಎಂದೇ ಕರೆಯುವ ದೊಡ್ಡ ಪೆಟ್ಟಿಗೆಯಲ್ಲಿ. 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಿಎಸ್ 4 ಬಂದಿತು. ಬಿಎಸ್ 5ನ್ನು ಬಿಟ್ಟು 2020ರ ಏಪ್ರಿಲ್ 1ರಿಂದ ನೇರವಾಗಿ ಬಿಎಸ್ 6ಕ್ಕೆ ಹಾರಲಾಯಿತು. ಆ ದಿನದಿಂದ ಬಿಎಸ್ 4 ಗಾಡಿಗಳನ್ನು ಮಾರಬಾರದೆಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿಯೇ ಹೇಳಿತ್ತು. ಡೀಸೆಲ್‌ನಲ್ಲಿರುವ ಗಂಧಕವನ್ನು 50 ಪಿಪಿಎಂನಿಂದ 10 ಪಿಪಿಎಂಗೆ ಇಳಿಸಿದ್ದೂ ಇದರ ಜೊತೆಗೇ, ಏಕೆಂದರೆ ಗಂಧಕ ಹೆಚ್ಚಿದ್ದರೆ ಈ ಪೆಟ್ಟಿಗೆಯೊಳಗಿನ ಲೇಪಗಳು ಬೇಗ ಕೆಲಸ ನಿಲ್ಲಿಸುತ್ತವೆ. ದೊಡ್ಡ ಎಂಜಿನ್ನುಗಳ ನೈಟ್ರೋಜನ್ ಆಕ್ಸೈಡ್ ಮಿತಿ ಪ್ರತಿ ಕಿಲೋವಾಟ್ ಗಂಟೆಗೆ 3.5 ಗ್ರಾಂ ಇದ್ದದ್ದು ಅರ್ಧ ಗ್ರಾಮಿಗಿಂತಲೂ ಕೆಳಗಿಳಿಯಿತು. ಇಷ್ಟು ಇಳಿಸಲು ಸಿಲಿಂಡರಿನೊಳಗೆ ಮಾಡಬಹುದಾದ ಕೆಲಸ ಸಾಲದೆ ಹೊಗೆಯನ್ನು ಹೊರಬಂದ ಮೇಲೆ ತೊಳೆಯಬೇಕಾಯಿತು.

ತೊಳೆಯುವ ಕ್ರಮ ಹೀಗಿದೆ. ಹೊಗೆ ಮೊದಲು ಡಿಒಸಿ ಎಂಬ ಜಾಲರಿಯನ್ನು ಹಾದು ಹೋಗುತ್ತದೆ. ಅಲ್ಲಿ ಪ್ಲಾಟಿನಂ ಜಾತಿಯ ಲೇಪದ ಮೇಲೆ ಉರಿಯದೆ ಉಳಿದ ಡೀಸೆಲ್ ಆವಿಯೂ ಕಾರ್ಬನ್ ಮಾನಾಕ್ಸೈಡೂ ಸುಡುತ್ತವೆ. ನಂತರ ಡಿಪಿಎಫ್, ಇದು ಜೇನುಗೂಡಿನಂಥ ಪಿಂಗಾಣಿ, ಒಂದು ಕಣ್ಣು ಮುಂದೆ ಮುಚ್ಚಿದ್ದರೆ ಪಕ್ಕದ ಕಣ್ಣು ಹಿಂದೆ ಮುಚ್ಚಿರುತ್ತದೆ, ಆದ್ದರಿಂದ ಹೊಗೆ ಗೋಡೆಯ ಮೂಲಕ ನುಸುಳಲೇಬೇಕು ಮತ್ತು ಮಸಿ ಗೋಡೆಯಲ್ಲಿ ಉಳಿಯಲೇಬೇಕು. ಕೊನೆಯಲ್ಲಿ ಎಸ್‌ಸಿಆರ್, ಡ್ರೈವರ್‌ಗಳು ಯೂರಿಯಾ ನೀರು ಎನ್ನುವ ಡೆಫ್ ಅನ್ನು ಬಿಸಿ ಹೊಗೆಗೆ ಸಿಂಪಡಿಸಿದಾಗ ಅದು ಅಮೋನಿಯ ಆಗಿ, ನೈಟ್ರೋಜನ್ ಆಕ್ಸೈಡನ್ನು ಬರೀ ಸಾರಜನಕ ಮತ್ತು ನೀರಾಗಿ ಒಡೆಯುತ್ತದೆ. ಈ ಮೂರಕ್ಕೂ ಬೇಕಾದ ವಸ್ತು ಒಂದೇ, ಬಿಸಿ. ಹೊಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟದೆ ಡೆಫ್ ಸಿಂಪಡಿಸಲಾಗುವುದಿಲ್ಲ. 250ರಿಂದ 400 ಡಿಗ್ರಿಯ ನಡುವೆ ಡಿಪಿಎಫ್‌ನ ಮಸಿ ತಾನಾಗಿಯೇ ನಿಧಾನವಾಗಿ ಸುಡುತ್ತಿರುತ್ತದೆ. ಅಷ್ಟು ಬಿಸಿ ಸಿಗದೆ ಮಸಿ ತುಂಬಿಕೊಂಡರೆ ಎಂಜಿನ್ನಿನ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಸುರಿದು ಸುಮಾರು 600 ಡಿಗ್ರಿಗೆ ಏರಿಸಿ ಸುಡಬೇಕಾಗುತ್ತದೆ. ಅದಕ್ಕೇ ರೀಜನ್ ಎನ್ನುವುದು.

ಘಟ್ಟದ ಲಾರಿ ನನ್ನಲ್ಲಿಗೆ ಏಕೆ ಅಪರೂಪವಾಗಿ ಬರುತ್ತದೆಂದು ತಿಳಿಯಲು ಒಂದು ದಿನ ಎಂಜಿನ್ನಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸಿಕೊಂಡು ನಾನೇ ಡ್ರೈವರ್ ಪಕ್ಕದಲ್ಲಿ ಕುಳಿತೆ. ಗೊಬ್ಬರ ತುಂಬಿದ ಲಾರಿ ಸಂಪಾಜೆ ದಾಟಿ ಕೊಯನಾಡು, ಜೋಡುಪಾಲ, ಮದೆನಾಡಿನ ತಿರುವುಗಳನ್ನು ಎರಡನೆಯ ಮೂರನೆಯ ಗೇರಿನಲ್ಲಿ ಏರುತ್ತಿತ್ತು. ಮೂವತ್ತು ಕಿಲೋಮೀಟರಿನ ಒಳಗೆ ಸುಮಾರು ಸಾವಿರ ಮೀಟರ್ ಏರು. ಮಡಿಕೇರಿ ತಲಪುವವರೆಗೂ ಡಿಪಿಎಫ್‌ನ ಬಾಯಲ್ಲಿ ಬಿಸಿ 350 ಡಿಗ್ರಿಗಿಂತ ಕೆಳಗೆ ಇಳಿದದ್ದು ಎದುರಿನ ಬಸ್ಸಿಗೆ ದಾರಿ ಬಿಡಲು ನಿಂತಾಗ ಮಾತ್ರ. ಸ್ಕ್ಯಾನರಿನಲ್ಲಿ ಮಸಿಯ ಲೆಕ್ಕ ಸಂಪಾಜೆಯಲ್ಲಿ ಎಷ್ಟಿತ್ತೋ ಮಡಿಕೇರಿಯಲ್ಲಿ ಅದಕ್ಕಿಂತ ಕಡಿಮೆಯಾಗಿತ್ತು. ಅಂದರೆ ಘಟ್ಟವೇ ಆ ಲಾರಿಯ ಸೈಲೆನ್ಸರನ್ನು ತೊಳೆಯುತ್ತಿತ್ತು. ಏರಿನಲ್ಲಿ ಎಂಜಿನ್ ಸೊರಗುತ್ತದೆ, ಘಟ್ಟದ ಲಾರಿ ಬೇಗ ಮುದಿಯಾಗುತ್ತದೆ ಎಂಬ ಹಳೆಯ ತಿಳಿವಳಿಕೆ ಬ್ರೇಕಿಗೆ, ಕ್ಲಚ್ಚಿಗೆ ಈಗಲೂ ಸಲ್ಲುತ್ತದೆ. ಹೊಗೆಯ ಪೆಟ್ಟಿಗೆಗೆ ಅದು ತಿರುವುಮುರುವು.

ಆದರೂ ಘಟ್ಟದಲ್ಲಿ ಎರಡು ಅಭ್ಯಾಸಗಳನ್ನು ಬಿಡಿಸಬೇಕಾಯಿತು. ಮಡಿಕೇರಿಗೆ ಏರಿ ಬಂದೊಡನೆ ಚಹಾ ಅಂಗಡಿಯ ಮುಂದೆ ಲಾರಿ ನಿಲ್ಲಿಸಿ ಎಂಜಿನ್ನನ್ನು ಸುಮ್ಮನೆ ಓಡಲು ಬಿಡುವುದು ಮೊದಲನೆಯದು. ಕೆಂಡದಂತೆ ಕಾದಿರುವ ಡಿಪಿಎಫ್‌ನಲ್ಲಿ ಮಸಿಯೂ ಹೆಚ್ಚಾಗಿ ಉಳಿದಿದ್ದರೆ, ಹೊಗೆಯ ಹರಿವು ಹಠಾತ್ತನೆ ಕಡಿಮೆಯಾಗಿ ಆಮ್ಲಜನಕ ಹೆಚ್ಚಾದಾಗ ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಪಿಂಗಾಣಿ ಬಿರಿಯುವ ಅಪಾಯವಿದೆ. ಕೊನೆಯ ಒಂದೆರಡು ಕಿಲೋಮೀಟರನ್ನು ಹಗುರವಾಗಿ ಓಡಿಸಿಕೊಂಡು ಬಂದು ನಿಲ್ಲಿಸಿದರೆ ಆ ಭಯವಿಲ್ಲ. ಎರಡನೆಯದು ಕೀಲಿ ತಿರುಗಿಸಿದ ಮರುಕ್ಷಣವೇ ಬ್ಯಾಟರಿಯ ಕಟ್‌ಆಫ್ ಸ್ವಿಚ್ ಆರಿಸುವ ಅಭ್ಯಾಸ. ಎಂಜಿನ್ ನಿಂತ ಮೇಲೆ ಡೆಫ್ ಪಂಪು ಪೈಪಿನಲ್ಲಿ ಉಳಿದ ದ್ರವವನ್ನು ಟ್ಯಾಂಕಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಆ ಗುಂಯ್‌ ಎನ್ನುವ ಸದ್ದು ಒಂದೆರಡು ನಿಮಿಷ ಕೇಳುತ್ತದೆ. ಅದಕ್ಕೆ ಮೊದಲೇ ಕರೆಂಟ್ ಕಡಿದರೆ ಪೈಪಿನಲ್ಲೂ ಸಿಂಪಡಿಸುವ ನಾಝಲಿನಲ್ಲೂ ಉಳಿದ ಯೂರಿಯಾ ಒಣಗಿ ಬೆಳ್ಳಗೆ ಹರಳುಗಟ್ಟುತ್ತದೆ. ಘಟ್ಟದ ಲಾರಿಯ ನಾಝಲ್ ಒಮ್ಮೆ ಹೀಗೆ ಮುಚ್ಚಿತ್ತು. ಬಿಸಿನೀರಿನಲ್ಲಿ ನೆನೆಸಿದಾಗ ಹರಳು ಕರಗಿತು, ಖರ್ಚು ಏನೂ ಆಗಲಿಲ್ಲ. ಅದೇ ತಿಂಗಳುಗಟ್ಟಲೆ ಬಿಟ್ಟಿದ್ದರೆ ಬಿಸಿಯಲ್ಲಿ ಬೆಂದು ಕಲ್ಲಿನಂತಾಗಿ ಯಾವ ನೀರಿಗೂ ಕರಗುತ್ತಿರಲಿಲ್ಲ.

ಈಗ ತೋಟದ ಲಾರಿ. ಅದರ ದಿನಚರಿಯನ್ನು ಹೇಳಿದರೆ ರೋಗವನ್ನೂ ಹೇಳಿದಂತೆಯೇ. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಎರಡು ಕಿಲೋಮೀಟರ್ ಒಳದಾರಿ, ಅಲ್ಲಿ ಚೀಲ ತುಂಬುವವರೆಗೆ ಅರ್ಧ ಗಂಟೆ ಸ್ಟಾರ್ಟಿನಲ್ಲೇ ನಿಲುಗಡೆ, ಮತ್ತೆ ಎರಡು ಕಿಲೋಮೀಟರ್, ಇಳಿಸುವವರೆಗೆ ಮತ್ತೆ ನಿಲುಗಡೆ. ಆರಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬ ಹಳೆಯ ಲಾರಿಗಳ ಭಯ ಡ್ರೈವರ್‌ಗಳ ಕೈಯಿಂದ ಇನ್ನೂ ಹೋಗಿಲ್ಲ. ಹೀಗೆ ಓಡುವ ಲಾರಿಯಲ್ಲಿ ಹೊಗೆಯ ಬಿಸಿ 200 ಡಿಗ್ರಿ ಮುಟ್ಟುವುದೇ ಅಪರೂಪ. ಮಸಿ ಕೂಡುತ್ತದೆ, ಸುಡುವುದಿಲ್ಲ. ಕಂಪ್ಯೂಟರ್ ರೀಜನ್ ಆರಂಭಿಸುತ್ತದೆ, ಅದು ಮುಗಿಯುವ ಮೊದಲೇ ಲಾರಿ ಕಣಕ್ಕೆ ಬಂದು ನಿಲ್ಲುತ್ತದೆ, ಕೆಲಸ ಅರ್ಧಕ್ಕೇ ಕಡಿಯುತ್ತದೆ. 2022ರ ಜನವರಿಯಲ್ಲಿ, ರೊಬಸ್ಟಾ ಕೊಯ್ಲು ಜೋರಾಗಿದ್ದಾಗ, ಮೊದಲ ಸಲ ಹಳದಿ ದೀಪ ಬಂದಿತು. ಡ್ರೈವರ್ ಅದರ ಮೇಲೆ ಒಂದು ಸಣ್ಣ ಸ್ಟಿಕ್ಕರ್ ಅಂಟಿಸಿಕೊಂಡು ಹನ್ನೊಂದು ದಿನ ಓಡಿಸಿದ. ಹನ್ನೆರಡನೆಯ ದಿನ ಆನೆಕಾಡಿನ ಹತ್ತಿರ, ಎಂಬತ್ತು ಚೀಲ ಹೇರಿದ್ದ ಲಾರಿ ಪಿಕಪ್ ಕಳೆದುಕೊಂಡು ಆಳು ನಡೆದಷ್ಟು ವೇಗಕ್ಕೆ ಇಳಿಯಿತು. ಸ್ಕ್ಯಾನರ್ ಹಾಕಿದಾಗ ಎಸ್‌ಪಿಎನ್ 3251 ಎಂಬ ದೋಷದ ಕೋಡ್ ಬಂದಿತು; ಡಿಪಿಎಫ್‌ನ ಹಿಂದುಮುಂದಿನ ಒತ್ತಡದ ವ್ಯತ್ಯಾಸ ಮಿತಿ ದಾಟಿದೆ ಎಂಬುದು ಅದರ ಅರ್ಥ.

ಆ ದಿನ ದೀಪಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಆಯಿಲ್ ಗೇಜಿನ ಕಡ್ಡಿ. ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಕ್ಕೆ ಆಯಿಲ್ ನಿಂತಿತ್ತು, ಮೂಸಿದರೆ ಡೀಸೆಲ್ ವಾಸನೆ. ಈ ಮಾದರಿಯಲ್ಲಿ ರೀಜನ್‌ಗೆ ಬೇಕಾದ ಹೆಚ್ಚುವರಿ ಡೀಸೆಲನ್ನು ಪಿಸ್ಟನ್ ಕೆಳಗಿಳಿಯುತ್ತಿರುವಾಗ ಅದೇ ಇಂಜೆಕ್ಟರಿನಿಂದ ಸಿಲಿಂಡರಿನೊಳಗೇ ಸಿಂಪಡಿಸುತ್ತಾರೆ. ಅದರಲ್ಲಿ ಸ್ವಲ್ಪ ಲೈನರ್ ಗೋಡೆಗೆ ಬಡಿದು ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ರೀಜನ್ ಒಮ್ಮೆ ಆದರೆ ಅದು ಲೆಕ್ಕಕ್ಕಿಲ್ಲ, ಬಿಸಿ ಎಂಜಿನ್ನಿನಲ್ಲಿ ಆವಿಯಾಗಿ ಹೋಗುತ್ತದೆ. ದಿನಕ್ಕೆರಡು ಸಲ ಆರಂಭವಾಗಿ ಅರ್ಧಕ್ಕೇ ನಿಂತರೆ ಆಯಿಲ್ ತೆಳ್ಳಗಾಗಿ ಬೇರಿಂಗುಗಳಿಗೆ ಕುತ್ತು ಬರುತ್ತದೆ. ಆಯಿಲ್ ಇಳಿಯುವುದನ್ನು ನೋಡಿ ಬೆಚ್ಚುವುದನ್ನು ನಾವೆಲ್ಲ ಕಲಿತಿದ್ದೇವೆ. ಏರುವುದನ್ನು ನೋಡಿ ಬೆಚ್ಚುವುದನ್ನು ಈ ಲಾರಿ ನನಗೆ ಐವತ್ತನೆಯ ವಯಸ್ಸಿನಲ್ಲಿ ಕಲಿಸಿತು. ಕಿಲೋಮೀಟರ್ ಲೆಕ್ಕದಲ್ಲಿ ಸರ್ವಿಸಿಗೆ ಇನ್ನೂ ದೂರವಿದ್ದರೂ ಅಂದೇ ಆಯಿಲ್ ಬದಲಿಸಿದೆ.

ಆಯಿಲಿನ ಬಗ್ಗೆ ಇನ್ನೊಂದು ಮಾತು. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಬೂದಿ ಬರುವುದು ಆಯಿಲಿನಲ್ಲಿ ಬೆರೆಸಿರುವ ಲೋಹದ ಅಂಶಗಳಿಂದ. ಆದ್ದರಿಂದಲೇ ಈ ಎಂಜಿನ್ನುಗಳಿಗೆ ಬೂದಿ ಕಡಿಮೆ ಇರುವ ಸಿಕೆ-4 ದರ್ಜೆಯ ಆಯಿಲ್ ಹೇಳಿರುತ್ತಾರೆ. ತೋಟದ ಶೆಡ್ಡಿನಲ್ಲಿ ಹಳೆಯ ಟ್ರ್ಯಾಕ್ಟರಿಗೆಂದು ತಂದಿಟ್ಟ ಸಿಐ-4 ಡಬ್ಬವಿದ್ದರೆ ಅದನ್ನು ಟ್ರ್ಯಾಕ್ಟರಿಗೇ ಬಿಡಬೇಕು.

ಲಾರಿಯನ್ನು ನಿಲ್ಲಿಸಿಯೇ ಸ್ವಿಚ್ ಒತ್ತಿ ರೀಜನ್ ಮಾಡಬಹುದು, ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಇದನ್ನು ಒಮ್ಮೆ ಮಾರ್ಚ್ ತಿಂಗಳಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ, ಮೊಣಕಾಲು ಮುಚ್ಚುವಷ್ಟು ಒಣ ತರಗೆಲೆಯ ಮೇಲೆ ಲಾರಿ ನಿಲ್ಲಿಸಿ ಮಾಡಲು ಹೊರಟಿದ್ದರು. ಪೆಟ್ಟಿಗೆಯೊಳಗೆ 600 ಡಿಗ್ರಿ, ಹೊರಗೆ ಬೇಸಿಗೆಯ ತೋಟ. ನಾನು ಫೋನಿನಲ್ಲಿಯೇ ಕೂಗಿ ನಿಲ್ಲಿಸಿದೆ. ಸಿಮೆಂಟಿನ ಕಣದ ಮೇಲೆ, ಕಾಫಿಯನ್ನೂ ಗೋಣಿಚೀಲಗಳನ್ನೂ ದೂರ ಸರಿಸಿ, ಒಬ್ಬರು ಪಕ್ಕದಲ್ಲಿಯೇ ನಿಂತು ಮಾಡಬೇಕಾದ ಕೆಲಸ ಅದು. ಲಾರಿಯ ಜೊತೆಗೆ ಕೊಟ್ಟ ಪುಸ್ತಕದಲ್ಲಿ ಈ ಎಚ್ಚರಿಕೆ ಇದೆ, ಆದರೆ ಇಂಗ್ಲಿಷಿನಲ್ಲಿದೆ, ಮತ್ತು ಆ ಪುಸ್ತಕ ಮಾಲೀಕರ ಮನೆಯ ಕಪಾಟಿನಲ್ಲಿದೆ.

ಡೆಫ್ ವಿಷಯದಲ್ಲಿ ಕೊಡಗಿಗೇ ಮೀಸಲಾದ ಒಂದು ಪ್ರಮಾದವನ್ನು ದಾಖಲಿಸಬೇಕು. ಡೆಫ್ ಎಂದರೆ 32.5 ಪಾಲು ಶುದ್ಧ ಯೂರಿಯಾ, 67.5 ಪಾಲು ಲವಣ ತೆಗೆದ ನೀರು. ಖರ್ಚಾಗುವುದು ಡೀಸೆಲಿನ ನೂರಕ್ಕೆ ಮೂರರಿಂದ ಐದು ಪಾಲು ಮಾತ್ರ. ಆದರೂ ಅದನ್ನು ಉಳಿಸುವ ಬುದ್ಧಿ ಯಾರಿಗಾದರೂ ಬರುತ್ತದೆ, ಅದರಲ್ಲಿಯೂ ಗೋದಾಮಿನ ತುಂಬ ಯೂರಿಯಾ ಚೀಲ ಇಟ್ಟುಕೊಂಡ ತೋಟದಲ್ಲಿ ಬಾರದೆ ಇರುವುದಿಲ್ಲ. ನಮ್ಮ ಈ ತೋಟದಲ್ಲಿ ಹಾಗಾಗಲಿಲ್ಲ; ಪೊಲಿಬೆಟ್ಟದ ಕಡೆಯ ಇನ್ನೊಂದು ತೋಟದಿಂದ ಬಂದ ಲಾರಿಯೊಂದರ ಡೆಫ್ ಟ್ಯಾಂಕ್ ತೆರೆದಾಗ ಬೇವಿನ ವಾಸನೆ ಬಂದಿತು. ಗೊಬ್ಬರದ ಯೂರಿಯಾಕ್ಕೆ ಈಗ ಬೇವಿನೆಣ್ಣೆಯ ಲೇಪ ಕಡ್ಡಾಯ. ಅದನ್ನು ತೋಡಿನ ನೀರಿನಲ್ಲಿ ಅಳತೆಗೆ ಸರಿಯಾಗಿಯೇ ಕರಗಿಸಿದ್ದರು, ಎಷ್ಟು ಸರಿಯಾಗಿ ಎಂದರೆ ನನ್ನ ರಿಫ್ರ್ಯಾಕ್ಟೋಮೀಟರ್ 32 ತೋರಿಸಿ ಎಲ್ಲ ಚೆನ್ನಾಗಿದೆ ಎಂದಿತು. ಆ ಉಪಕರಣಕ್ಕೆ ಸಾಂದ್ರತೆ ತಿಳಿಯುತ್ತದೆ, ಬೇವಿನೆಣ್ಣೆಯಾಗಲಿ ತೋಡಿನ ಸುಣ್ಣವಾಗಲಿ ತಿಳಿಯುವುದಿಲ್ಲ. ಫಿಲ್ಟರ್, ಪಂಪ್, ನಾಝಲ್ ಮೂರೂ ಹೋಗಿದ್ದವು, ಎಸ್‌ಸಿಆರ್ ಜಾಲರಿಯ ಮುಖ ಬೂದು ಬಣ್ಣಕ್ಕೆ ತಿರುಗಿತ್ತು. ಉಳಿಸಿದ ಹಣ ಒಂದು ಡಬ್ಬದ ಬೆಲೆಯಷ್ಟೂ ಇರಲಿಲ್ಲ. ಇನ್ನೊಂದು ಸೂಚನೆ: ಡಬ್ಬದ ಮೇಲಿನ ತಯಾರಿಕೆಯ ದಿನಾಂಕ ನೋಡಿಯೇ ಕೊಳ್ಳಬೇಕು, ಒಂದು ವರ್ಷ ಹಳೆಯದನ್ನು ಅಂಗಡಿಯವನಿಗೇ ಬಿಡಬೇಕು, ಮತ್ತು ಹಿತ್ತಾಳೆಯ ಕೊಳವೆಯಲ್ಲಿ ಸುರಿಯಬಾರದು.

ಡೀಸೆಲ್ ಬ್ಯಾರಲ್ಲಿನ ವಿಷಯವೂ ಇದೇ ಜಾತಿಯದು. ಜನರೇಟರಿಗೂ ಪಂಪ್‌ಸೆಟ್ಟಿಗೂ ಎಂದು ತೋಟಗಳಲ್ಲಿ ಬ್ಯಾರಲ್ ಇಟ್ಟಿರುತ್ತಾರೆ, ಜೂನ್ ಜುಲೈಯ ತೇವದಲ್ಲಿ ಅದರ ತಳದಲ್ಲಿ ನೀರು ಸೇರುತ್ತದೆ. ಹಳೆಯ ಪಂಪು ಅದನ್ನು ಕೆಮ್ಮಿ ಉಗುಳುತ್ತಿತ್ತು, ಕಾಮನ್ ರೈಲಿನ ಇಂಜೆಕ್ಟರ್ ಉಗುಳುವುದಿಲ್ಲ. ತೋಟದ ಲಾರಿಗೆ ಬಂಕಿನಿಂದ ಮಾತ್ರ ಡೀಸೆಲ್ ಹಾಕಿಸುವಂತೆ ಮಾಲೀಕರು ಮೊದಲೇ ಕಟ್ಟುಮಾಡಿದ್ದರಿಂದ ಇಂಜೆಕ್ಟರ್‌ಗಳು ಇನ್ನೂ ಹುಟ್ಟಿದ ಹಾಗೆಯೇ ಇವೆ.

ಮಳೆ ಈ ಲಾರಿಯ ನಿಜವಾದ ದುರ್ಬಲ ಜಾಗವನ್ನು ತೋರಿಸಿಕೊಟ್ಟಿತು, ಮತ್ತು ಇಲ್ಲಿ ದೋಷ ಮಾಲೀಕರದೂ ಅಲ್ಲ, ಡ್ರೈವರನದೂ ಅಲ್ಲ, ಲಾರಿ ಮಾಡಿದವರದು. ಹೊಗೆಯ ಪೆಟ್ಟಿಗೆಯ ಹಿಂದುಮುಂದೆ ನೈಟ್ರೋಜನ್ ಆಕ್ಸೈಡ್ ಅಳೆಯುವ ಒಂದೊಂದು ನಾಕ್ಸ್ ಸೆನ್ಸರ್, ಬಿಸಿ ಅಳೆಯುವ ಮೂರು ನಾಲ್ಕು ಸೆನ್ಸರ್, ಡಿಪಿಎಫ್ ಒತ್ತಡದ ಸೆನ್ಸರ್, ಡೆಫ್ ಟ್ಯಾಂಕಿನಲ್ಲಿ ಮಟ್ಟದ ಸೆನ್ಸರ್. ಇವೆಲ್ಲವುಗಳ ವೈರುಗಳು ಛಾಸಿಯ ಒಳಬದಿಯಲ್ಲಿ, ಹಿಂದಿನ ಚಕ್ರ ಎರಚುವ ಕೆಸರು ನೇರವಾಗಿ ಬಡಿಯುವ ಎತ್ತರದಲ್ಲಿ ಹಾದುಹೋಗಿವೆ. ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಊರಿನಲ್ಲಿ ಆ ಕನೆಕ್ಟರುಗಳ ರಬ್ಬರ್ ಸೀಲ್ ಎರಡನೆಯ ಮಳೆಗಾಲವನ್ನು ದಾಟಲಿಲ್ಲ. ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿ, ಎರಡೂ ಲಾರಿಗಳಲ್ಲಿ ಎಸ್‌ಪಿಎನ್ 4364 ಎಂಬ ಕೋಡ್ ಬಂದಿತು, ಎಂದರೆ ಎಸ್‌ಸಿಆರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂಬ ದೂರು. ಅಧಿಕೃತ ಸರ್ವಿಸ್ ಕೇಂದ್ರದವರು ಆ ಕೋಡನ್ನು ಓದಿ ನಾಕ್ಸ್ ಸೆನ್ಸರ್ ಬದಲಿಸಿದರು. ಬಿಲ್ಲು ಇಪ್ಪತ್ತು ಸಾವಿರ ರೂಪಾಯಿ ದಾಟಿತು, ಐದು ದಿನಕ್ಕೆ ದೀಪ ಮತ್ತೆ ಬಂದಿತು. ನಾನು ಕನೆಕ್ಟರ್ ಬಿಚ್ಚಿ, ಸ್ಪ್ರೇ ಹೊಡೆದು, ಪಿನ್ ಉಜ್ಜಿ, ಗ್ರೀಸ್ ತುಂಬಿ ಕೂಡಿಸಿದ ಮೇಲೆ ಆರಿದ ದೀಪ ಮುಂದಿನ ಮಳೆಗಾಲದವರೆಗೆ ಬರಲಿಲ್ಲ. ಕೋಡ್ ಎಂಬುದು ರೋಗಿಯ ನರಳುವಿಕೆ. ಎಲ್ಲಿ ನೋಯುತ್ತಿದೆ ಎಂದು ಅದು ಹೇಳುತ್ತದೆ, ಏಕೆ ಎಂದು ಮುಟ್ಟಿ ನೋಡಿಯೇ ತಿಳಿಯಬೇಕು. ಶೆಡ್ಡಿನ ಇಲಿಗಳು ಇದೇ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಎರಡು ಸಲ ಕಡಿದಿವೆ, ಅದರ ಹೊಣೆಯನ್ನು ಕಂಪನಿಯ ಮೇಲೆ ಹಾಕುವುದಿಲ್ಲ.

ರಿಪೇರಿಯ ಸೌಲಭ್ಯಕ್ಕೆ ನಾನು ಕಡಿಮೆ ಅಂಕ ಕೊಡುತ್ತೇನೆ. ಹೊರಗಿನ ಸ್ಕ್ಯಾನರ್ ಕೋಡ್ ಓದುತ್ತದೆ, ರೀಜನ್ ಮಾಡಿಸುತ್ತದೆ. ಆದರೆ ಹೊಸ ಇಂಜೆಕ್ಟರಿನ ನಂಬರನ್ನು ಕಂಪ್ಯೂಟರಿಗೆ ತಿಳಿಸಲು ಅಥವಾ ಡಿಪಿಎಫ್ ತೊಳೆಸಿದ ಮೇಲೆ ಬೂದಿಯ ಲೆಕ್ಕವನ್ನು ಸೊನ್ನೆಗೆ ತರಲು ಕಂಪನಿಯ ಸಾಫ್ಟ್‌ವೇರೇ ಬೇಕು, ಅದಕ್ಕಾಗಿ ಲಾರಿ ಮೈಸೂರಿಗೆ ಹೋಗಬೇಕು. ಕೊಯ್ಲಿನ ಕಾಲದಲ್ಲಿ ಎರಡು ದಿನ ಲಾರಿ ಇಲ್ಲದಿದ್ದರೆ ಹಣ್ಣು ರಾಶಿಯಲ್ಲಿಯೇ ಬಿಸಿಯಾಗಿ ಹುಳಿಯುತ್ತದೆ ಎಂಬುದು ಮೈಸೂರಿನ ಕೌಂಟರಿನಲ್ಲಿ ಕುಳಿತವರಿಗೆ ಹೇಗೆ ತಿಳಿಯಬೇಕು? ಬಿಡಿಭಾಗಗಳಲ್ಲಿ ಫಿಲ್ಟರುಗಳು ಕುಶಾಲನಗರದಲ್ಲಿಯೇ ಸಿಗುತ್ತವೆ, ಸೆನ್ಸರುಗಳಿಗೆ ಮೂರು ದಿನದಿಂದ ಎರಡು ವಾರದವರೆಗೆ ಕಾಯಬೇಕು.

ಇಂಥ ಕಾಯುವಿಕೆಯ ನಡುವೆಯೇ ಲ್ಯಾಪ್‌ಟಾಪ್ ಹಿಡಿದ ಒಬ್ಬರು ಬಂದು ಡಿಪಿಎಫ್ ಒಳಗಿನದನ್ನೆಲ್ಲ ಬಡಿದು ತೆಗೆದು, ಪ್ರೋಗ್ರಾಂ ಬದಲಿಸಿ, ಯಾವ ದೀಪವೂ ಬಾರದಂತೆ ಮಾಡಿಕೊಡುತ್ತೇನೆಂದರು. ಮಾಲೀಕರು ನನ್ನ ಮುಖ ನೋಡಿದರು. ಬೇಡವೆಂದೆ. ಕಂಪನಿ ಕೊಟ್ಟ ರೂಪವನ್ನು ಹೀಗೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಡೆಯುತ್ತದೆ ಎಂಬುದು ಒಂದು ಕಾರಣ. ಮೂಲ ಪ್ರೋಗ್ರಾಂ ಅಳಿಸಿಹೋದ ಲಾರಿಯನ್ನು ಮುಂದೆ ಕೊಳ್ಳುವವರಾಗಲಿ ದುರಸ್ತಿ ಮಾಡುವವರಾಗಲಿ ಸಿಗುವುದಿಲ್ಲ ಎಂಬುದು ಇನ್ನೊಂದು. ಮೂರನೆಯದು ನನ್ನ ಸ್ವಂತದ್ದು. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಮೊದಲ ವರ್ಗಕ್ಕೆ ಸೇರಿಸಿದೆ. ಮೂವತ್ತು ವರ್ಷ ಆ ಹೊಗೆಯನ್ನು ಮುಚ್ಚಿದ ಶೆಡ್ಡಿನಲ್ಲಿ ಕುಡಿದವನು ನಾನು. ಈಗ ಈ ಎರಡು ಲಾರಿಗಳು ಶೆಡ್ಡಿನಲ್ಲಿ ಸ್ಟಾರ್ಟ್ ಆದರೆ ಕಣ್ಣು ಉರಿಯುವುದಿಲ್ಲ. ಹೊಗೆಯ ಕೊಳವೆಯೊಳಗೆ ಬೆರಳಾಡಿಸಿದರೆ ಬೆರಳು ಬಿಳಿಯಾಗಿಯೇ ಹೊರಬರುತ್ತದೆ. ಕಪ್ಪಾದರೆ ಡಿಪಿಎಫ್ ಬಿರಿದಿದೆ ಎಂದೇ ಅರ್ಥ, ಅದಕ್ಕೆ ಯಾವ ಸ್ಕ್ಯಾನರೂ ಬೇಡ.

ಹಾಗಾದರೆ ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ, ಲಾರಿಗೆ ದಿನಕ್ಕೆ ಒಂದು ಸಲವಾದರೂ ಅರ್ಧ ಗಂಟೆಯ ಮೈಮುರಿಯುವ ಕೆಲಸ ಇದೆಯೇ ಎಂಬುದು. ಸಂಪಾಜೆ ಘಟ್ಟಕ್ಕೋ ಮಾಕುಟ್ಟದ ದಾರಿಗೋ ಭಾರ ಹೇರಿ ಓಡಿಸುವವರು ಕಣ್ಣುಮುಚ್ಚಿ ಕೊಳ್ಳಬಹುದು. ತೋಟದ ಒಳಗೇ ಸುತ್ತುವವರಿಗೆ ಇಷ್ಟು ದೊಡ್ಡ ಲಾರಿ ಬೇಡ. ಟ್ರ್ಯಾಕ್ಟರ್ ಟ್ರೈಲರ್ ಸಾಕು, ಅದು ಅಗ್ಗವೂ ಹೌದು. ಎಂಜಿನ್ನಿಗೆ ಹತ್ತಕ್ಕೆ ಒಂಬತ್ತು, ಹೊಗೆಯ ಪೆಟ್ಟಿಗೆಗೆ ಘಟ್ಟದಲ್ಲಿ ಎಂಟು ಮತ್ತು ತೋಟದಲ್ಲಿ ನಾಲ್ಕು, ವೈರಿಂಗಿಗೆ ಮೂರು ಅಂಕ ಕೊಡುತ್ತೇನೆ.

ಈ ಲೆಕ್ಕ ನನ್ನ ಊಹೆಯಲ್ಲವೆಂಬುದು ಕಳೆದ ಮಳೆಗಾಲದಲ್ಲಿ ಗೊತ್ತಾಯಿತು. ಘಟ್ಟದಲ್ಲಿ ಭಾರೀ ವಾಹನಗಳ ಸಂಚಾರ ನಿಂತಾಗ ಆರೋಗ್ಯವಂತ ಲಾರಿಯೂ ತೋಟದ ಕೆಲಸಕ್ಕೆ ಇಳಿಯಿತು, ಮೂರನೆಯ ವಾರಕ್ಕೆ ಅದರಲ್ಲೂ ಹಳದಿ ದೀಪ ಬಂದಿತು. ಅಲ್ಲಿಂದೀಚೆಗೆ ಮಾಲೀಕರು ಹದಿನೈದು ದಿನಕ್ಕೊಮ್ಮೆ ಲಾರಿಗಳನ್ನು ಅದಲುಬದಲು ಮಾಡುತ್ತಿದ್ದಾರೆ. ಘಟ್ಟ ಮುಚ್ಚಿದ್ದರೆ ತೋಟದಲ್ಲಿರುವ ಲಾರಿಯನ್ನು ವಾರಕ್ಕೊಂದು ದಿನ ಭಾರ ಸಮೇತ ಕುಶಾಲನಗರದಿಂದ ಮಡಿಕೇರಿಗೆ ಏರಿಸುತ್ತಾರೆ. ಡ್ರೈವರ್‌ಗಳಿಬ್ಬರಿಗೂ ತಮ್ಮ ಸೀಟು ಬಿಟ್ಟುಕೊಡುವುದು ಇಷ್ಟವಿಲ್ಲ, ಅದರ ಜಗಳ ನನ್ನವರೆಗೂ ಬರುತ್ತದೆ. ಹೋದ ವಾರ ಎರಡೂ ಲಾರಿಗಳ ಆಯಿಲ್ ಕಡ್ಡಿ ಎಳೆದು ನೋಡಿದೆ, ಎರಡರಲ್ಲೂ ಸರಿಯಾಗಿ ಗುರುತಿಗೇ ನಿಂತಿತ್ತು. ಒಂದರ ನಾಕ್ಸ್ ಸೆನ್ಸರಿನ ಕನೆಕ್ಟರ್ ಮಾತ್ರ ಇನ್ನೂ ಸೈಕಲ್ ಟ್ಯೂಬಿನ ತುಂಡಿನಲ್ಲಿ ಸುತ್ತಿಕೊಂಡಿದೆ. ಹೊಸದಕ್ಕೆ ಹೇಳಿ ಹತ್ತೊಂಬತ್ತು ದಿನವಾಯಿತು.